ಬೆರಳಿಗೆ ಬಿಸಿ ಹತ್ತದ ಆಷಾಢ

ಮೊನ್ನೆ ನಾನು ಕಲಿಸುವ ಶಾಲೆಯ ನೀರೆತ್ತುವ ಮೋಟಾರು ಸುಟ್ಟು ಕೂತಿತು. ಹೆಡ್ ಮಾಸ್ತರರಿಗೆ ಹೇಳಿ ಕಾಯುತ್ತ ಕೂತರೆ ಮಕ್ಕಳು ನೀರಿಲ್ಲದೆ ಒಣಗಬೇಕಾಗುತ್ತದೆಂದು ನಾನೇ ಅದನ್ನು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಬಸ್ ಸ್ಟ್ಯಾಂಡಿನ ಬಾಜು ಇರುವ ಮೌಲಾಲಿಯ ಅಂಗಡಿಗೆ ಹೋದೆ. ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಮೌಲಾಲಿಯ ಕಸುಬು. ಆಗಷ್ಟೇ ಸುತ್ತಿದ ಸುರುಳಿಗೆ ವಾರ್ನಿಶ್ ಹೊಯ್ದು, ದೊಡ್ಡ ಬಲ್ಬಿನ ಕಾವಿಗೆ ಒಣಗಲು ಇಟ್ಟಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಸ್ತಿಲು ದಾಟಬೇಕಾದವಳು ಅಲ್ಲೇ ನಿಂತುಬಿಟ್ಟೆ.

"ಒಳಗ ಬರ್ರಿ ಅಕ್ಕೋರ, ಚಾ ತರಸ್ತೀನಿ," ಎಂದ.

"ಒಲ್ಲೆಪಾ. ಈ ವಾಸನಿ ಇರೂತನಕ ನಾ ಒಳಗ ಬರಂಗಿಲ್ಲ."

ಅವನು ಬಲ್ಬಿನತ್ತ ನೋಡಿದ, ನನ್ನತ್ತ ನೋಡಿದ. ಬಲ್ಬು ಆರಿಸಿದ. ಆ ಆಷಾಢ ಅವನಿಗೂ ಮರೆತಿಲ್ಲ.

ಆ ವರ್ಷ ಮೃಗಶಿರಾ, ನಮ್ಮ ಕಡೆ ಮಿರಗ ಅನ್ನುವ ಮಳೆ, ಮುಖ ತೋರಿಸಿ ಹೋಯಿತು. ಆರಿದ್ರಾ ಅಷ್ಟನ್ನೂ ಮಾಡಲಿಲ್ಲ. ಗಾಳಿ ಮಾತ್ರ ಹಗಲೆಲ್ಲ ಬೀಸುತ್ತಿತ್ತು. ಬಟ್ಟೆ ಒಣ ಹಾಕಿದರೆ ಓಣಿಯ ತುದಿಗೆ ಹೋಗಿ ಹೆಕ್ಕಿಕೊಂಡು ಬರಬೇಕು, ಅಂಥ ಗಾಳಿ. ನಮ್ಮೂರು ಯರಗುಪ್ಪಿಯ ಎರೆ ಮಣ್ಣು ಒಣಗಿದರೆ ಸುಮ್ಮನೆ ಒಣಗುವುದಿಲ್ಲ, ಬಿರಿಯುತ್ತದೆ. ನಮ್ಮ ಹಿತ್ತಿಲಿನಲ್ಲಿ ಮೊಣಕೈತನಕ ಕೈ ಇಳಿಯುವಷ್ಟು ಬಿರುಕು ಬಿಟ್ಟಿದ್ದವು. ಮೋಡ ಮಾತ್ರ ದಿನಾ ಬಂದು ಕಪ್ಪಗೆ ಕವಿದು, ಏನೋ ಹೇಳುವುದಿದೆ ಎಂಬಂತೆ ನಿಂತು, ಹೇಳದೆ ಹೋಗುತ್ತಿತ್ತು.

ನಮ್ಮ ಮನೆಯವರದು ಮೈಕ್ ಸೆಟ್ಟಿನ ಧಂದೆ. ಹೆಸರು ಬಸವರಾಜ, ಊರಿಗೆಲ್ಲ ಬಸಣ್ಣ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಸೆಟ್ಟುಗಳೆಲ್ಲ ಅಟ್ಟದ ಮೇಲೆ. ಕೆಲಸವಿಲ್ಲದೆ ಕೂತ ಗಂಡಸು ಮನೆಯ ಹೆಂಗಸಿಗೆ ಎಂಥ ಕಾಟ ಎಂಬುದನ್ನು ಕಟ್ಟಿಕೊಂಡವರೇ ಬಲ್ಲರು. ಹೀಗಿರುವಾಗ ಒಂದು ದಿನ ಅಟ್ಟ ಹತ್ತಿ, ನಮ್ಮ ಮಾವನವರ ಕಾಲದ ಹಳೆಯ ಆಂಪ್ಲಿಫೈಯರಿನಿಂದ ಬಿಚ್ಚಿಟ್ಟಿದ್ದ ಗಾಜಿನ ವಾಲ್ವುಗಳನ್ನು ಕೆಳಗಿಳಿಸಿದರು. ಹತ್ತಿಯಲ್ಲಿ ಸುತ್ತಿಟ್ಟಿದ್ದವು, ಬಾಣಂತಿ ಮನೆಯ ಕೂಸುಗಳ ಹಾಗೆ.

"ಇವು ಇನ್ನೂ ಜೀವಂತ ಅದಾವು ನೋಡು ಗಿರಿಜಾ. ಇವುಗಳಿಂದ ಹೊಸಾದೊಂದು ಕಟ್ತೀನಿ. ಶ್ರಾವಣದಾಗ ಮಠದಾಗ ಪುರಾಣ ಹಚ್ಚತಾರಲ್ಲ, ಅಲ್ಲಿ ಇದನ್ನ ಇಡ್ತೀನಿ. ಆ ಧ್ವನಿ ಕೇಳಿದ್ರ ಈಗಿನ ಡಿಜೆದವ್ರು ಬಾಯಿ ಮುಚ್ಚಬೇಕು."

"ಮೊದಲ ನೀವು ಶುಗರಿನ ಗುಳಿಗಿ ನುಂಗ್ರಿ. ಆಮ್ಯಾಲೆ ಅವರ ಬಾಯಿ ಮುಚ್ಚಸೂಣು," ಎಂದೆ. ಗುಳಿಗೆಯನ್ನು ಮನಸ್ಸು ಬಂದಾಗ ನುಂಗುತ್ತಿದ್ದರು, ಬಾರದಾಗ ಕಿಡಕಿಯಲ್ಲಿ ಇಡುತ್ತಿದ್ದರು. ಮನಸ್ಸು ಬರುವುದೇ ಕಡಿಮೆ.

ಮೌಲಾಲಿ ನಮ್ಮ ಎದುರು ಮನೆಯವನು, ಇವರ ಚಡ್ಡಿ ದೋಸ್ತ. ಅವನ ಅಜ್ಜ ಮಗ್ಗ ನಡೆಸಿದವನು. ಮೊಮ್ಮಗ ತಾಮ್ರದ ತಂತಿ ಹಿಡಿದ. ಹೊಸ ಆಂಪ್ಲಿಫೈಯರಿಗೆ ಬೇಕಾದ ಟ್ರಾನ್ಸ್‌ಫಾರ್ಮರನ್ನು ಅವನೇ ಸುತ್ತಿಕೊಟ್ಟ. ವಾರ್ನಿಶಿನ ಹಸಿ ಇನ್ನೂ ಆರಿರಲಿಲ್ಲ, ಇವರಿಗೆ ತಡೆಯಲಾಗದೆ ತಂದು ಪಡಸಾಲೆಯಲ್ಲಿ ಇಟ್ಟುಕೊಂಡರು. ಅಂದಿನಿಂದ ನಮ್ಮ ಮನೆಯ ಅನ್ನಕ್ಕೂ ರೊಟ್ಟಿಗೂ ಆ ವಾಸನೆಯೇ.

ಈ ಆಂಪ್ಲಿಫೈಯರಿನ ಒಳಗೆ ನಾನೂರರ ಹತ್ತಿರ ವೋಲ್ಟ್ ಇರುತ್ತದೆಂದು ಮೊದಲ ದಿನವೇ ಕೇಳಿ, ಅದನ್ನು ಮನೆಯೊಳಗೆ ಇಡಬೇಡಿರೆಂದೆ. "ಅಂಜಬ್ಯಾಡ," ಎಂದು ಇವರು ತಮ್ಮ ತಂದೆ ಕಲಿಸಿದ ನೇಮವನ್ನು ತೋರಿಸಿದರು. ಒಳಗೆ ಕೈ ಹಾಕುವಾಗ ಒಂದೇ ಕೈ ಹಾಕಬೇಕು, ಇನ್ನೊಂದು ಕಿಸೆಯಲ್ಲಿರಬೇಕು. ಆಗ ಶಾಕ್ ಹೊಡೆದರೂ ಎದೆಯ ಮೂಲಕ ಹಾಯುವುದಿಲ್ಲ. ಲುಂಗಿಗೆ ಎಲ್ಲಿಯ ಕಿಸೆ? ಎಡಗೈಯನ್ನು ಬೆನ್ನ ಹಿಂದೆ ಒಯ್ದು ಲುಂಗಿಗೆ ಸಿಕ್ಕಿಸಿಕೊಂಡು, ಬಲಗೈಯಲ್ಲಿ ಮೀಟರಿನ ಕಡ್ಡಿ ಹಿಡಿದು ಬಗ್ಗುತ್ತಿದ್ದರು. ಶಾಲೆಯಿಂದ ಬಂದವಳು ಬಾಗಿಲಲ್ಲೇ ನಿಂತು ಆ ಎಡಗೈ ಹಿಂದೆ ಇದೆಯೋ ಇಲ್ಲವೋ ಎಂದು ಮೊದಲು ನೋಡುತ್ತಿದ್ದೆ. ಇದ್ದರೆ ಚಪ್ಪಲಿ ಬಿಡುತ್ತಿದ್ದೆ.

ತಂತಿ ಕೂಡಿಸುವುದೆಲ್ಲ ಬೇಗ ಮುಗಿಯಿತು. ದಿನಗಟ್ಟಲೆ ಹಿಡಿದದ್ದು ಬಯಾಸ್ ಕೂಡಿಸುವ, ಅಂದರೆ ವಾಲ್ವಿನ ಹರಿವನ್ನು ಹದಕ್ಕೆ ತರುವ ಕೆಲಸ. ಇವರು ನನಗೆ ಹೇಳಿಕೊಟ್ಟದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ವಾಲ್ವಿನ ಹೊಟ್ಟೆಯಲ್ಲಿ ಕ್ಯಾಥೋಡ್ ಅಂತ ಒಂದು ಕೊಳವೆ. ಅದು ಕಾದರೆ ಸುತ್ತಲಿನ ಪ್ಲೇಟಿಗೆ ಕರೆಂಟು ಹರಿಯುತ್ತದೆ. ಹೆಚ್ಚು ಹರಿದರೆ ಪ್ಲೇಟು ಕೆಂಪಗಾಗಿ ವಾಲ್ವು ಸತ್ತೇಹೋಗುತ್ತದೆ, ಕಡಿಮೆ ಹರಿದರೆ ಧ್ವನಿ ಒಡೆಯುತ್ತದೆ. ಅದಕ್ಕೆ ಕ್ಯಾಥೋಡಿನ ಕಾಲಿಗೆ ಒಂದು ರೆಸಿಸ್ಟರ್ ಹಾಕುತ್ತಾರೆ. ಹರಿವು ಏರಿದಂತೆ ಆ ರೆಸಿಸ್ಟರಿನ ಮೇಲೆ ವೋಲ್ಟೇಜೂ ಏರುತ್ತದೆ. ಏರಿದ ವೋಲ್ಟೇಜೇ ವಾಲ್ವನ್ನು ಹಿಂದಕ್ಕೆ ಜಗ್ಗುತ್ತದೆ. "ತನ್ನ ಲಗಾಮ ತಾನ ಹಿಡಕೊಳ್ಳೂ ಎತ್ತು ಇದು. ನಾವು ಹಗ್ಗ ಎಷ್ಟು ಉದ್ದ ಬಿಡಬೇಕು ಅನ್ನೋದನ್ನಷ್ಟ ನೋಡಬೇಕು," ಎನ್ನುತ್ತಿದ್ದರು. ಆ ಹಗ್ಗದ ಉದ್ದ ಗೊತ್ತುಮಾಡುವುದು ರೆಸಿಸ್ಟರ್: ಓಮಿನ ಲೆಕ್ಕದಲ್ಲಿ ಅದರ ಬೆಲೆ ಸಣ್ಣದಾದಷ್ಟೂ ಹಗ್ಗ ಉದ್ದ, ಹರಿವು ಹೆಚ್ಚು. ಒಂದನ್ನು ಹಚ್ಚಿ ಅಳೆಯುವುದು, ಕಿತ್ತು ಇನ್ನೊಂದನ್ನು ಹಚ್ಚುವುದು.

ಮೀಟರು ನೋಡಿ ಲೆಕ್ಕ ಮಾಡಿದರೆ ಕೆಲಸ ಮುಗಿಯಿತು. ಆದರೆ ಇವರಿಗೂ ಮೌಲಾಲಿಗೂ ಮೀಟರಿಗಿಂತ ತಮ್ಮ ಕೈಯ ಮೇಲೆ ಭರವಸೆ. ಮೋಟಾರು ಕಟ್ಟುವವರ ರೂಢಿ ಅದು: ಓಡುತ್ತಿರುವ ಮೋಟಾರಿನ ಮೈಮೇಲೆ ಅಂಗೈ ಇಡುವುದು, ಇಟ್ಟಿರಲು ಬಂದರೆ ಒಳ್ಳೆಯದು, ಬಾರದಿದ್ದರೆ ಬಿಚ್ಚುವುದು. ಇವರೂ ಹಾಗೆಯೇ ಆ ಬಿಳಿ ಸಿಮೆಂಟಿನ ರೆಸಿಸ್ಟರಿನ ಮೇಲೆ ಬೆರಳಿಟ್ಟು ನೋಡುತ್ತಿದ್ದರು. ಹರಿವು ಹೆಚ್ಚಿದ್ದರೆ ಅದು ಕಾಯಬೇಕು.

"ಮೀಟರ್ ಭಾಳ ತೋರಸ್ತೈತಿ. ಆದ್ರ ರೆಸಿಸ್ಟರ್ ಅಗದಿ ತಣ್ಣಗ ಐತಿ. ಈ ಮೀಟರ್ ಸೆಲ್ ಸತ್ತೈತಿ," ಎಂದು ಬೈದುಕೊಂಡು, ಮೊದಲಿಗಿಂತ ಸಣ್ಣ ಬೆಲೆಯದನ್ನು ಹಚ್ಚಿದರು. ಧ್ವನಿ ಇನ್ನೂ ತುಂಬಿ ಬಂತು. ಹಿಗ್ಗೋ ಹಿಗ್ಗು. ಮರುದಿನ ಅದಕ್ಕಿಂತ ಸಣ್ಣದು.

ಆ ದಿನಗಳಲ್ಲೇ ಹಿತ್ತಿಲಿನಲ್ಲಿ ಹಾವು ಕಾಣಿಸಿತು.

ಬಚ್ಚಲ ಹಿಂದೆ ನಮ್ಮ ಮನೆಯ ಅರ್ತಿಂಗ್ ಕುಣಿ, ಯಂತ್ರದ ಮೈಗೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಗುಂಡಿ. ಉಪ್ಪು, ಇದ್ದಲಿ ತುಂಬಿ ನಡುವೆ ಕಬ್ಬಿಣದ ಕೊಳವೆ ನೆಟ್ಟಿದ್ದರು. ಎರೆ ಮಣ್ಣು ಒಣಗಿದರೆ ಕೊಳವೆಯನ್ನು ಬಿಟ್ಟು ದೂರ ಸರಿಯುತ್ತದೆ. ಆಗ ಅರ್ತಿಂಗ್ ಇದ್ದೂ ಇಲ್ಲ. ಹಾಗಾಗಬಾರದೆಂದು ಬಚ್ಚಲ ನೀರು ದಿನಾ ಅಲ್ಲಿಗೇ ಹರಿಯುವಂತೆ ಇವರೇ ಕಾಲುವೆ ತೆಗೆದಿದ್ದರು. ಒಂದು ಮುಂಜಾನೆ ನಮ್ಮ ಅತ್ತೆಯವರು ಸೌದೆ ತರಲು ಹೋದವರು, ಆ ಕೊಳವೆಯ ಮಗ್ಗುಲಿನ ಬಿರುಕಿನೊಳಗೆ ನಾಗರಹಾವು ಇಳಿಯುವುದನ್ನು ಕಂಡರು. ಕೈಮುಗಿದುಕೊಂಡೇ ಒಳಗೆ ಬಂದರು.

"ಪಂಚಮಿ ಆಗೂತನಕ ಆ ಮೂಲಿಗೆ ಒಂದು ತಂಬಿಗಿ ನೀರು ಬೀಳಬಾರ್ದು. ಬಿಸಿನೀರು ಹರಿಸಿ ನಾಗಪ್ಪನ ಮೈ ಸುಡ್ತೀರೇನು?" ಎಂದವರೇ ಕಾಲುವೆಗೆ ಕಲ್ಲಿಟ್ಟು ನೀರನ್ನು ಕರಿಬೇವಿನ ಗಿಡದ ಕಡೆಗೆ ತಿರುಗಿಸಿದರು.

"ಯವ್ವಾ, ಅದು ಅರ್ತಿಂಗಿಂದು," ಎಂದರು ಇವರು.

"ಯಾರದರ ಇರ್ಲಿ. ಈಗ ನಾಗಪ್ಪಂದು."

ಇವರು ನಕ್ಕರು. ಮಳೆ ಇವತ್ತೋ ನಾಳೆಯೋ ಬಂದೇ ಬರುತ್ತದೆ, ಬಂದರೆ ಕುಣಿ ತಾನೇ ತೋಯುತ್ತದೆ ಎಂದುಕೊಂಡರು. ತಾಯಿಯ ಮಾತು ಮೀರಿ ಹಾವಿನ ಬಿಲಕ್ಕೆ ನೀರು ಹರಿಸುವ ಧೈರ್ಯ ಇಡೀ ಊರಿನಲ್ಲಿ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ರೊಟ್ಟಿ ಬಡಿಯುವಾಗ ಆ ಮೂಲೆಯತ್ತ ಕಣ್ಣು ತಾನಾಗಿ ಹೋಗುತ್ತಿತ್ತು. ಹಾವು ಮತ್ತೆ ಕಾಣಿಸಲಿಲ್ಲ. ಕಾಣಿಸಿದ್ದರೆ ಇಷ್ಟು ಅಂಜಿಕೆ ಆಗುತ್ತಿರಲಿಲ್ಲವೇನೋ.

ಒಂದು ಸಂಜೆ ಇವರು ಕುಂದಗೋಳಕ್ಕೆ ಹೋಗಿ ರೆಸಿಸ್ಟರ್ ತಂದರು. ಬಸ್ಸಿಳಿದು ನಡೆದು ಬಂದವರ ಎಡಗಾಲಲ್ಲಿ ಚಪ್ಪಲಿ ಇತ್ತು, ಬಲಗಾಲಲ್ಲಿ ಇರಲಿಲ್ಲ.

"ಇನ್ನೊಂದು ಎಲ್ಲಿ?" ಎಂದೆ.

ಇವರು ಕೆಳಗೆ ನೋಡಿಕೊಂಡರು. ಒಂದು ಕ್ಷಣ ಇವರ ಮುಖ ಹೇಗೋ ಆಯಿತು. ಆಮೇಲೆ ಜೋರಾಗಿ ನಕ್ಕರು. "ಬಯಾಸ್ ಲೆಕ್ಕಾ ಮಾಡಕೋಂತ ಬಂದೆ, ಎಲ್ಲಿ ಬಿತ್ತೋ ಏನೋ!"

ಅತ್ತೆಯವರು ನಕ್ಕರು, ಎದುರಿನ ಕಟ್ಟೆಯಿಂದ ಮೌಲಾಲಿಯೂ ನಕ್ಕ. "ಅಕ್ಕೋರ, ನಾಳೆ ಲುಂಗಿ ಬಿಟ್ಟು ಬರ್ತಾನ ನೋಡ್ರಿ ನಿಮ್ಮ ಗಂಡ!" ಎಂದ. ನಾನೂ ನಕ್ಕೆ. ಬಸ್ ಸ್ಟ್ಯಾಂಡಿನಿಂದ ನಮ್ಮ ಓಣಿಯತನಕ ಬರೀ ಕಲ್ಲು, ಜಾಲಿ ಮುಳ್ಳು. ಆ ಹಾದಿಯಲ್ಲಿ ಬರಿಗಾಲಿಟ್ಟು ಬಂದವರಿಗೆ ಗೊತ್ತೇ ಆಗಲಿಲ್ಲವೆಂದರೆ ಎಂಥ ಗುಂಗು ಇರಬೇಕು ಎಂದುಕೊಂಡೆ.

ಊಟಕ್ಕೆ ಕೂತಾಗ ಬಲಗೈ ತೋರುಬೆರಳ ತುದಿಯಲ್ಲಿ ಬೊಬ್ಬೆ ಕಂಡಿತು. ಕೇಳಿದರೆ ಸೋಲ್ಡರು ಹತ್ತಿದೆ ಎಂದರು. ಅದರ ಪಕ್ಕದ ಬೆರಳಲ್ಲಿ ಹಳೆಯದೊಂದು, ಒಣಗಿದ್ದು. ಖಾರದ ಪಲ್ಯಕ್ಕೆ ಆ ಬೆರಳು ಅದ್ದಿ ಉಣ್ಣುತ್ತಿದ್ದರು, ಸುಯ್ ಅನ್ನಲಿಲ್ಲ. ನಾನು ಅರ್ಧಕ್ಕೇ ತಾಟು ಸರಿಸಿ ಎದ್ದೆ. ಯಾಕೆಂದು ಆಗ ನನಗೇ ತಿಳಿಯಲಿಲ್ಲ.

ಕಡೆಗೂ ಮಳೆ ಬಂದ ದಿನ ಶಾಲೆ ಬಿಟ್ಟು ಮನೆಗೆ ಬಂದಿದ್ದೆ. ಪಡುವಣದಿಂದ ಕಪ್ಪು ಎದ್ದು ಬಂತು. ಇವರು ಪಡಸಾಲೆಯ ಫರಸಿ ಕಲ್ಲಿನ ನೆಲದ ಮೇಲೆ ಕೂತು, ಆಂಪ್ಲಿಫೈಯರನ್ನು ಮಗ್ಗುಲಾಗಿ ಮಲಗಿಸಿಕೊಂಡು, ಎಡಗೈ ಬೆನ್ನ ಹಿಂದೆ ಸಿಕ್ಕಿಸಿಕೊಂಡು ಕಡೆಯ ಬಾರಿ ಅಳೆಯುತ್ತಿದ್ದರು. ಮೌಲಾಲಿ ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದ. ಗಾಳಿಗೆ ಕಿಡಕಿ ಬಡಿಯಿತು, ಇರಚಲು ಹೊಡೆದು ಫರಸಿ ಒದ್ದೆಯಾಯಿತು. ಉಳಿದ ದಿನ ಎರಡು ಹನಿ ಬಿದ್ದರೆ ಕರೆಂಟು ಹೋಗುವ ಊರು ನಮ್ಮದು. ಅವತ್ತು ಹೋಗಲಿಲ್ಲ. ಅದರ ಬದಲು ಮಳೆ ಬಂತೆಂದು ಹೊಲದವರೆಲ್ಲ ಒಬ್ಬೊಬ್ಬರಾಗಿ ಬೋರಿನ ಪಂಪು ಬಂದ್ ಮಾಡಿದರು. ಅಷ್ಟು ದಿನ ಪಂಪುಗಳ ಎಳೆತಕ್ಕೆ ಮಂಕಾಗಿದ್ದ ನಮ್ಮ ಪಡಸಾಲೆಯ ಬಲ್ಬು ಕಣ್ಣು ಬಿಟ್ಟಂತೆ ಬೆಳಗಿತು.

ಬಲ್ಬಿನ ಜೊತೆಗೆ ವಾಲ್ವೂ. ಅದರ ಒಳಗಿನ ಕಪ್ಪು ಪ್ಲೇಟಿನ ನಡುವೆ ಒಂದು ಕೆಂಪು ಬೊಟ್ಟು ಮೂಡಿತು. ಮೂಡಿ ಅಗಲವಾಯಿತು. ಮಂಕು ಕರೆಂಟಿನಲ್ಲಿ ಕೂಡಿಸಿದ ಬಯಾಸು, ಅದೂ ಬೆರಳು ಹೇಳಿದ್ದನ್ನು ನಂಬಿ ಕೂಡಿಸಿದ್ದು. ತುಂಬು ಕರೆಂಟು ಬಂದಾಗ ತಡೆಯಲಿಲ್ಲ.

"ಲೇ ಬಸ್ಯಾ, ಪ್ಲೇಟ್ ಕೆಂಪ ಆತು, ಬಂದ್ ಮಾಡಲೇ!" ಎಂದು ಮೌಲಾಲಿ ಆಂಪ್ಲಿಫೈಯರಿನ ಲೋಹದ ಮೈಗೆ ಕೈ ಹಾಕಿದ. ಹಾಕಿದವನು "ಯಾ ಅಲ್ಲಾ!" ಎಂದು ಹಿಂದಕ್ಕೆ ಹಾರಿ ಗೋಡೆಗೆ ಬಡಿದ. "ಬಾಡಿ ಶಾಕ್ ಹೊಡಿತೈತಿ, ಅರ್ತಿಂಗ್ ಒಣಗೈತಿ! ಮುಟ್ಟಬ್ಯಾಡ!"

"ಎಲ್ಲಿ ಶಾಕ್? ನಾ ಮುಂಜಾನಿಂದ ಮುಟ್ಟೀನಿ," ಎಂದರು ಇವರು. ಎಂದು ಬಲ ಅಂಗೈಯನ್ನು ಅದರ ಮೇಲೆ ಪೂರ್ತಿ ಇಟ್ಟರು. ಇಟ್ಟುಕೊಂಡೇ ನಮ್ಮತ್ತ ನೋಡಿದರು. "ಏನೂ ಇಲ್ಲ. ಅಗದಿ ಛಲೋ ಐತಿ."

ಮೌಲಾಲಿ ಕಿಸೆಯಿಂದ ಟೆಸ್ಟರ್ ತೆಗೆದು, ಇವರ ಅಂಗೈಯ ಪಕ್ಕದಲ್ಲೇ ಲೋಹಕ್ಕೆ ಮುಟ್ಟಿಸಿದ. ಟೆಸ್ಟರಿನ ಹೊಟ್ಟೆಯಲ್ಲಿ ದೀಪ ಹತ್ತಿತು. ಅವನು ಟೆಸ್ಟರ್ ನೋಡಿದ, ಆ ಅಂಗೈ ನೋಡಿದ. ಚೇಷ್ಟೆ ಮಾಡುತ್ತಿದ್ದಾನೇನೋ ಎಂದು ಇವರ ಮುಖ ನೋಡಿದ. ಇವರ ಮುಖದಲ್ಲಿ ಚೇಷ್ಟೆ ಇರಲಿಲ್ಲ.

"ರೆಸಿಸ್ಟರ್ ಸೈತ ತಣ್ಣಗ ಐತಿ ನೋಡು," ಎಂದು ಬೆರಳನ್ನು ಅದರ ಮೇಲೊತ್ತಿದರು. ವಾರ್ನಿಶಿನ ವಾಸನೆಯ ನಡುವೆ ಇನ್ನೊಂದು ವಾಸನೆ ಬಂತು. ಚರ್ಮ ಸುಡುವ ವಾಸನೆ ಯಾವ ಹೆಂಗಸಿಗೆ ಗೊತ್ತಿಲ್ಲ, ದಿನಾ ಒಲೆಯ ಮುಂದೆ ಇರುವವಳು ನಾನು. ಇವರು ಮಾತ್ರ ಬೆರಳನ್ನು ಒತ್ತಿಕೊಂಡೇ ಕೂತಿದ್ದರು, ತಣ್ಣಗಿದ್ದ ಮುಖದಲ್ಲಿ.

ಹೇಗೆ ಹೋದೆನೋ ಗೊತ್ತಿಲ್ಲ, ಗೋಡೆಯ ಪ್ಲಗ್ಗು ಕಿತ್ತು ಒಗೆದೆ. ಪ್ಲೇಟಿನ ಕೆಂಪು ನಿಧಾನಕ್ಕೆ ಕಪ್ಪಾಯಿತು. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು, ಓಣಿಯಲ್ಲಿ ಮಕ್ಕಳು ಕುಣಿಯುತ್ತಿದ್ದವು.

"ಬೆರಳು ತೋರಸ್ರಿ," ಎಂದೆ.

ತೋರಿಸಿದರು. ತುದಿ ಬೆಳ್ಳಗೆ ಬೆಂದಿತ್ತು. ಇವರು ಅದನ್ನು ಬೇರೆ ಯಾರದೋ ಬೆರಳೆಂಬಂತೆ ತಿರುಗಿಸಿ ತಿರುಗಿಸಿ ನೋಡಿದರು.

"ಯಾವಾಗಿಂದ?"

"ಹೋದ ದಸರಾದಿಂದ," ಎಂದರು, ನೆಲ ನೋಡುತ್ತ. "ಮೊದಲ ಜುಮ್ಮ ಜುಮ್ಮ ಅಂತಿತ್ತು. ಆಮ್ಯಾಲೆ ಅದೂ ನಿಂತ್ತು. ಕಡಿಮಿ ಆತು ಅಂದಕೊಂಡೆ. ಕೈ ಹ್ವಾದ್ರ ನಾ ಯಾವ ಕೆಲಸಕ್ಕ ಬರ್ತೀನಿ ಗಿರಿಜಾ? ಅದಕ್ಕ ಯಾರಿಗೂ ಹೇಳಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಬೈಯಲೆಂದು ಬಾಯಿ ತೆರೆದೆ, ಅಳು ಬಂತು. ಅತ್ತೆಯವರು ಒಳಗಿನಿಂದ ಬಂದು ಏನಾಯಿತೆಂದು ಕೇಳುತ್ತಿದ್ದರು. ಮೌಲಾಲಿ ಮಾತ್ರ ಗೋಡೆಗೆ ಒರಗಿ ಇವರ ಕಾಲನ್ನೇ ನೋಡುತ್ತಿದ್ದ.

"ಅಕ್ಕೋರ," ಎಂದ, ಬಹಳ ಮೆಲ್ಲಗೆ. "ಅವತ್ತು ಒಂದ ಚಪ್ಪಲಿ ಮ್ಯಾಲೆ ಬಂದಿದ್ದ ನೋಡ್ರಿ."

ಅತ್ತೆಯವರು ಮಗನ ಮುಂದೆ ಕೂತು ಬಲಗಾಲನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ಸೆರಗಿನಿಂದ ಅಂಗಾಲಿನ ಮಣ್ಣು ಒರೆಸಿದರು. ಹೆಬ್ಬೆರಳ ಬುಡದಲ್ಲಿ ಒಂದು ಕಪ್ಪು ತೂತು. ಅದರೊಳಗೆ ಮುರಿದ ಜಾಲಿ ಮುಳ್ಳು. ಸುತ್ತಲಿನ ಮಾಂಸ ನೀಲಿಗಟ್ಟಿ, ಒತ್ತಿದರೆ ಕೀವು ಒಸರಿತು. ಮೌಲಾಲಿಯ ಕೈ ಬಾಯಿಗೆ ಹೋಯಿತು. ಇವರು ನಮ್ಮ ಮೂವರ ಮುಖಗಳನ್ನು ನೋಡಿಯೇ ಅಲ್ಲಿ ಏನೋ ಇದೆಯೆಂದು ತಿಳಿದುಕೊಂಡರು. ಇಡೀ ಆಷಾಢ ನಾನು ಆ ಎಡಗೈಯನ್ನು ಕಾದೆ. ನಾನೂರು ವೋಲ್ಟಿಗೆ ಅಂಜಿದೆ, ಬಿರುಕಿನ ಹಾವಿಗೆ ಅಂಜಿದೆ. ಅವೆರಡೂ ಇವರನ್ನು ಮುಟ್ಟಲಿಲ್ಲ.

ಆ ಮಳೆಯಲ್ಲೇ ಮೌಲಾಲಿ ಗಾಡಿ ಮಾಡಿಕೊಂಡು ಬಂದ, ಹುಬ್ಬಳ್ಳಿಯ ದವಾಖಾನೆಗೆ ಹೋದೆವು. ಶುಗರು ಕೈಕಾಲಿನ ನರಗಳನ್ನೇ ತಿಂದುಹಾಕಿದೆ ಎಂದರು. ಮುಂದಿನದನ್ನು ಬೆಳೆಸಿ ಹೇಳುವ ಶಕ್ತಿ ನನಗಿಲ್ಲ. ಜೀವ ಉಳಿಯಿತು. ಬಲಗಾಲು ಮೊಣಕಾಲ ಕೆಳಗೆ ಉಳಿಯಲಿಲ್ಲ. ಇವರು ಈಗ ಕಟ್ಟೆಯ ಮೇಲೆ ಕೂತು ಓಣಿಯವರ ಫ್ಯಾನು, ಮಿಕ್ಸರು ರಿಪೇರಿ ಮಾಡುತ್ತಾರೆ. ಏನನ್ನು ಮುಟ್ಟಬೇಕಾದರೂ ಮೊದಲು ನನ್ನನ್ನೋ ಮೌಲಾಲಿಯನ್ನೋ ಕರೆದು, "ಬಿಸಿ ಐತೇನು ನೋಡು," ಎನ್ನುತ್ತಾರೆ. ನಾವು ನೋಡಿ ಹೇಳುತ್ತೇವೆ. ಗುಳಿಗೆ, ಇಂಜೆಕ್ಷನ್ನು ತಪ್ಪುವುದಿಲ್ಲ, ತಪ್ಪಿಸಿದರೆ ನಾನು ಬಿಡುವವಳಲ್ಲ.

ಕಾಲು ತೆಗೆದ ದಿನಕ್ಕಿಂತ ನನಗೆ ಅದರ ಹಿಂದಿನ ದಿನವೇ ಹೆಚ್ಚು ಕಾಡುತ್ತದೆ. ದೊಡ್ಡ ಡಾಕ್ಟರರು ಬಂದು, ಸ್ಪರ್ಶ ಎಲ್ಲಿಯತನಕ ಹೋಗಿದೆ ನೋಡಬೇಕೆಂದರು. ಒಂದು ಸೂಜಿ ತೆಗೆದುಕೊಂಡು, "ಕಣ್ಣು ಮುಚ್ಚಿಕೊಳ್ರಿ. ಚುಚ್ಚಿದ್ದು ಗೊತ್ತಾದ ಕೂಡಲೇ ಹೂಂ ಅನ್ರಿ," ಎಂದರು. ಇವರು ಪರೀಕ್ಷೆಗೆ ಕೂತ ಹುಡುಗನ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿ, ಉಸಿರು ಹಿಡಿದು ಮಲಗಿದರು. ಡಾಕ್ಟರರು ಎಡಗಾಲಿನಿಂದ ಶುರು ಮಾಡಿದರು. ನಾವೆಲ್ಲ ಒಳ್ಳೆಯದೆಂದುಕೊಂಡಿದ್ದ ಕಾಲು ಅದು. ಸೂಜಿ ಹೆಬ್ಬೆರಳಿಗೆ ಚುಚ್ಚಿತು, ಇವರು ಸುಮ್ಮನಿದ್ದರು. ಪಾದದ ಮೇಲೆ ಚುಚ್ಚಿತು. ಹಿಮ್ಮಡಿಗೆ, ಹರಡಿನ ಗಂಟಿಗೆ, ಅಲ್ಲಿಂದ ಮೇಲಕ್ಕೆ, ಒಂದೊಂದೇ ಬೆರಳಗಲ. ಪ್ರತಿ ಸಲವೂ ರಕ್ತದ ಸಣ್ಣ ಬೊಟ್ಟು ಮೂಡುತ್ತಿತ್ತು. ಈಗ ಅಂದಾರು, ಈಗ ಅಂದಾರು ಎಂದು ನಾನು ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದೆ. ಸೂಜಿ ಮೀನಖಂಡ ದಾಟಿತು.

ಇವರು ಕಣ್ಣು ಮುಚ್ಚಿಕೊಂಡೇ, ದೊಡ್ಡವರ ಮುಂದೆ ಮಾತಾಡುವ ವಿನಯದಲ್ಲಿ ಕೇಳಿದರು:

"ನಾ ತಯಾರ ಅದೀನ್ರಿ ಸಾಹೇಬ್ರ. ಶುರು ಮಾಡ್ರಲ್ಲ."